ಮಣಿಸರ ಮತ್ತು ಮಣಿ ಹೆಣಿಗೆ: ಕೊಪ್ಪಳ ಜಿಲ್ಲೆಯ ಕುಶಲಕರ್ಮಿ ಮಹಿಳೆಯರಿಗಾಗಿ ಮಾಹಿತಿ

1. ಪೀಠಿಕೆ

ಕೊಪ್ಪಳ ಜಿಲ್ಲೆಯು 1997 ರ ಆಗಸ್ಟ್ 24 ರಂದು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ತಾಲ್ಲೂಕುಗಳೊಂದಿಗೆ ಅಸ್ತಿತ್ವಕ್ಕೆ ಬಂದಿತು. ಕರಕುಶಲ ಕಲೆ ಎಂದೊಡನೆ ಈ ಜಿಲ್ಲೆಯಲ್ಲಿ ಮೊದಲು ನೆನಪಾಗುವುದು ಕಿನ್ನಾಳದ ಮರದ ಬೊಂಬೆಗಳು. ಅಷ್ಟು ಹೆಸರು ಪಡೆಯದಿದ್ದರೂ ಮನೆಮನೆಯಲ್ಲಿ ಉಳಿದು ಬಂದಿರುವ ಇನ್ನೊಂದು ಕೈಕೆಲಸವೆಂದರೆ ಮಣಿಸರ ತಯಾರಿಕೆ.

ಮಣಿಸರವನ್ನು ಎರಡು ವಿಧದಲ್ಲಿ ತಯಾರಿಸಬಹುದು. ಒಂದು, ದಾರಕ್ಕೆ ಮಣಿಗಳನ್ನು ಒಂದರ ನಂತರ ಒಂದರಂತೆ ಪೋಣಿಸುವುದು. ಇನ್ನೊಂದು, ಸೂಜಿ ಮತ್ತು ದಾರದಿಂದ ಮಣಿಗಳನ್ನು ಪರಸ್ಪರ ಹೆಣೆಯುವುದು. ಪೋಣಿಸಿದ ಸರದ ದಾರ ಒಂದು ಕಡೆ ಕಡಿದರೆ ಎಲ್ಲ ಮಣಿಗಳೂ ಚೆಲ್ಲಿಹೋಗುತ್ತವೆ. ಹೆಣೆದ ಸರದಲ್ಲಿ ಬಹುತೇಕ ಪ್ರತಿಯೊಂದು ಮಣಿಯ ಮೂಲಕವೂ ದಾರವು ಎರಡು ಅಥವಾ ಹೆಚ್ಚು ಬಾರಿ ಹಾಯ್ದಿರುವುದರಿಂದ, ಒಂದೆಡೆ ಕಡಿದರೂ ಉಳಿದ ಭಾಗ ಸಾಮಾನ್ಯವಾಗಿ ನಿಲ್ಲುತ್ತದೆ ಮತ್ತು ದುರಸ್ತಿ ಸಾಧ್ಯವಾಗುತ್ತದೆ. ಪೋಣಿಸುವ ಕೆಲಸಕ್ಕೆ ದೊರೆಯುವ ಕೂಲಿ ಅಲ್ಪ. ಹೆಣಿಗೆಯು ಕೌಶಲ್ಯವಾದುದರಿಂದ ಅದಕ್ಕೆ ತಕ್ಕ ಬೆಲೆಯನ್ನು ಕೇಳಲು ಅವಕಾಶವಿದೆ. ಈ ವ್ಯತ್ಯಾಸವನ್ನು ತಿಳಿಸುವುದು, ಮುಖ್ಯ ಹೆಣಿಗೆಗಳನ್ನು ಪರಿಚಯಿಸುವುದು ಮತ್ತು ಬೆಲೆ ನಿಗದಿಯ ಕ್ರಮವನ್ನು ವಿವರಿಸುವುದು ಈ ಮಾಹಿತಿಯ ಉದ್ದೇಶವಾಗಿದೆ.

2. ಈ ಪ್ರದೇಶದಲ್ಲಿ ಮಣಿಗಳ ಬಳಕೆ

ತುಂಗಭದ್ರಾ ಮತ್ತು ಕೃಷ್ಣಾ ನದಿಗಳ ನಡುವಿನ ಈ ಪ್ರದೇಶದಲ್ಲಿ ಮಣಿಗಳ ಬಳಕೆ ಅತ್ಯಂತ ಪ್ರಾಚೀನವಾದುದು. ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954 ರಲ್ಲಿ ಬಿ.ಕೆ. ಥಾಪರ್ ಅವರ ನೇತೃತ್ವದಲ್ಲಿ ನಡೆದ ಉತ್ಖನನದಲ್ಲಿ ಬಗೆಬಗೆಯ ಬಣ್ಣದ ಕಲ್ಲುಗಳಿಂದ ಮಾಡಿದ ಮಣಿಗಳು ದೊರೆತಿವೆ. ಲೋಹದ ಬಳಕೆ ಇನ್ನೂ ವಿರಳವಾಗಿದ್ದ ಕಾಲದಲ್ಲಿಯೇ ಇಲ್ಲಿನ ಜನರು ಗಟ್ಟಿ ಕಲ್ಲನ್ನು ಉಜ್ಜಿ, ತೂತು ಕೊರೆದು, ಕೊರಳಿಗೆ ಧರಿಸುತ್ತಿದ್ದರೆಂಬುದು ಇದರಿಂದ ತಿಳಿದುಬರುತ್ತದೆ.

ಇತ್ತೀಚಿನ ತಲೆಮಾರುಗಳಲ್ಲಿ ಬಳಕೆಯಲ್ಲಿರುವ ಮಣಿಸರಗಳನ್ನು ಈ ಕೆಳಕಂಡಂತೆ ವಿಂಗಡಿಸಬಹುದು.

ಅ) ಕರಿಮಣಿ ಸರ: ಮುತ್ತೈದೆಯರು ತಾಳಿಯೊಂದಿಗೆ ಧರಿಸುವ ಸರ. ಸಣ್ಣ ಕಪ್ಪು ಗಾಜಿನ ಮಣಿಗಳನ್ನು ಒಂದೆಳೆ, ಎರಡೆಳೆ ಅಥವಾ ಹೆಚ್ಚು ಎಳೆಗಳಲ್ಲಿ ಪೋಣಿಸಲಾಗುತ್ತದೆ.

ಆ) ಚಿನ್ನದ ಗುಂಡಿನ ಸರಗಳು: ಉತ್ತರ ಕರ್ನಾಟಕದ ಬೋರಮಾಳ ಮತ್ತು ಏಕದಾಣಿ ಈ ಗುಂಪಿಗೆ ಸೇರುತ್ತವೆ. ಗುಂಡುಗಳನ್ನು ಅಕ್ಕಸಾಲಿಗರು ಮಾಡಿದರೂ, ಅವುಗಳನ್ನು ದಾರದಲ್ಲಿ ಪೋಣಿಸಿ ಗಂಟು ಹಾಕಿ ಕೊಡುವುದು ಪಟವೇಗಾರರ ಕಸುಬಾಗಿತ್ತು.

ಇ) ಲಂಬಾಣಿ ಮಣಿಸರಗಳು: ಜಿಲ್ಲೆಯ ತಾಂಡಾಗಳ ಲಂಬಾಣಿ ಮಹಿಳೆಯರ ಸಾಂಪ್ರದಾಯಿಕ ಉಡುಗೆಯಾದ ಫೇಟಿಯಾ, ಕಾಂಚಳಿ ಮತ್ತು ಟುಕ್ರಿಗಳ ಮೇಲೆ ಕನ್ನಡಿ, ಕವಡೆ, ನಾಣ್ಯಗಳೊಂದಿಗೆ ಮಣಿಗಳನ್ನೂ ಹೊಲಿಯಲಾಗುತ್ತದೆ. ಕೊರಳಿಗೆ ಹಲವು ಎಳೆಗಳ ಬಣ್ಣದ ಮಣಿಸರಗಳನ್ನು ಧರಿಸಲಾಗುತ್ತದೆ. ಎತ್ತುಗಳ ಮೇಲೆ ಧಾನ್ಯ ಮತ್ತು ಉಪ್ಪನ್ನು ಸಾಗಿಸುತ್ತಿದ್ದ ಈ ಸಮುದಾಯವು 19 ನೆಯ ಶತಮಾನದಲ್ಲಿ ರೈಲು ಮತ್ತು ರಸ್ತೆಗಳು ಬಂದ ನಂತರ ಆ ವ್ಯಾಪಾರವನ್ನು ಕಳೆದುಕೊಂಡು ತಾಂಡಾಗಳಲ್ಲಿ ನೆಲೆನಿಂತಿತು. ಉಡುಗೆ ಮತ್ತು ಆಭರಣದ ಕೆಲಸ ಮಾತ್ರ ಮಹಿಳೆಯರ ಕೈಯಲ್ಲಿ ಉಳಿಯಿತು.

3. ಮಣಿಗಳು ಮತ್ತು ಅಳತೆ

ಹೆಣಿಗೆಗೆ ಬಳಸುವ ಸಣ್ಣ ಗಾಜಿನ ಮಣಿಗಳನ್ನು ಸಂಖ್ಯೆಯ ಮೂಲಕ ಗುರುತಿಸಲಾಗುತ್ತದೆ. ಸಂಖ್ಯೆ ಹೆಚ್ಚಾದಂತೆ ಮಣಿಯ ಗಾತ್ರ ಕಡಿಮೆಯಾಗುತ್ತದೆ. 6 ನೆಯ ಸಂಖ್ಯೆಯ ಮಣಿ ಸುಮಾರು 4 ಮಿ.ಮೀ., 8 ನೆಯದು ಸುಮಾರು 3 ಮಿ.ಮೀ., 11 ನೆಯದು ಸುಮಾರು 2 ಮಿ.ಮೀ. ಮತ್ತು 15 ನೆಯದು ಸುಮಾರು 1.5 ಮಿ.ಮೀ. ಅಗಲವಿರುತ್ತದೆ. 11 ನೆಯ ಸಂಖ್ಯೆಯ ಮಣಿಗಳು ಒಂದು ಗ್ರಾಂಗೆ ಸುಮಾರು 110 ಬರುತ್ತವೆ ಹಾಗೂ ದಾರದಲ್ಲಿ ಒಂದು ಅಂಗುಲಕ್ಕೆ ಸುಮಾರು 18 ಕೂರುತ್ತವೆ. ಹೊಸದಾಗಿ ಕಲಿಯುವವರು 8 ನೆಯ ಸಂಖ್ಯೆಯಿಂದ ಆರಂಭಿಸುವುದು ಸೂಕ್ತ.

ಭಾರತದಲ್ಲಿ ಉತ್ತರ ಪ್ರದೇಶದ ವಾರಾಣಸಿ ಮತ್ತು ಪುರ್ದಿಲನಗರ, ಆಂಧ್ರ ಪ್ರದೇಶದ ಪಾಪಾನಾಯುಡುಪೇಟ ಗಾಜಿನ ಮಣಿಗಳಿಗೆ ಹೆಸರಾಗಿವೆ. ಜಪಾನ್ ಮತ್ತು ಚೆಕ್ ದೇಶಗಳ ಮಣಿಗಳೂ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಜಪಾನಿನ ಮಣಿಗಳು ಒಂದೇ ಅಳತೆಯಲ್ಲಿರುವುದರಿಂದ ಹೆಣಿಗೆ ಸಮನಾಗಿ ಬರುತ್ತದೆ, ಆದರೆ ಬೆಲೆ ಹೆಚ್ಚು. ಅಗ್ಗದ ಮಣಿಗಳಲ್ಲಿ ಗಾತ್ರದ ವ್ಯತ್ಯಾಸವಿರುವುದರಿಂದ, ಕೆಲಸಕ್ಕೆ ಮೊದಲು ತೀರಾ ದಪ್ಪ, ತೀರಾ ತೆಳುವಾದ ಮತ್ತು ತೂತು ಮುಚ್ಚಿದ ಮಣಿಗಳನ್ನು ಆರಿಸಿ ತೆಗೆಯಬೇಕು.

ಬಣ್ಣದ ಪರೀಕ್ಷೆ: ಖರೀದಿಗೆ ಮುನ್ನ ಕೆಲವು ಮಣಿಗಳನ್ನು ಒದ್ದೆಯಾದ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಬೇಕು. ಬಟ್ಟೆಗೆ ಬಣ್ಣ ಹತ್ತಿದಲ್ಲಿ ಅಂತಹ ಮಣಿಗಳನ್ನು ಕೊರಳ ಸರಕ್ಕೆ ಬಳಸಬಾರದು. ಬೆವರಿಗೆ ಬಣ್ಣ ಬಿಟ್ಟ ಒಂದು ಸರದಿಂದ ಗ್ರಾಹಕರು ಶಾಶ್ವತವಾಗಿ ದೂರವಾಗುತ್ತಾರೆ.

4. ದಾರ, ಸೂಜಿ ಮತ್ತು ಇತರೆ ಸಾಮಗ್ರಿ

ದಾರ: ನೈಲಾನ್ ಅಥವಾ ಪಾಲಿಯೆಸ್ಟರ್ ದಾರ ಉತ್ತಮ. ಹತ್ತಿಯ ದಾರ ಬೆವರಿನಿಂದ ಬೇಗ ಕೊಳೆಯುತ್ತದೆ. ಅನಿವಾರ್ಯವಾದಲ್ಲಿ ಜೇನುಮೇಣ ಸವರಿ ಬಳಸಬೇಕು. ತಂಗೂಸಿ ಕೆಲಸಕ್ಕೆ ಸುಲಭವಾದರೂ ಕಾಲಕ್ರಮೇಣ ಬಿರುಸಾಗಿ ತುಂಡಾಗುವ ಸಾಧ್ಯತೆ ಇರುವುದರಿಂದ ಬೆಲೆಬಾಳುವ ಸರಗಳಿಗೆ ಯೋಗ್ಯವಲ್ಲ.

ಸೂಜಿ: 10 ಅಥವಾ 12 ನೆಯ ಸಂಖ್ಯೆಯ ಮಣಿಸೂಜಿ. ಒಂದೇ ಮಣಿಯಲ್ಲಿ ದಾರ ಹಲವು ಬಾರಿ ಹಾಯಬೇಕಾದುದರಿಂದ ಸೂಜಿ ತೆಳುವಾಗಿರಬೇಕು. ಬಿಗಿಯಾದ ಮಣಿಯಲ್ಲಿ ಬಲವಂತದಿಂದ ಸೂಜಿ ಎಳೆದರೆ ಮಣಿ ಒಡೆಯುತ್ತದೆ.

ಇತರೆ: ಸಣ್ಣ ಕತ್ತರಿ, ಅಳತೆ ಪಟ್ಟಿ, ಕೊಂಡಿ ಮತ್ತು ಉಂಗುರ, ಮಣಿ ಉರುಳದಂತೆ ಹಾಸಲು ದಪ್ಪ ಬಟ್ಟೆ, ಬಣ್ಣವಾರು ಮಣಿಗಳಿಗೆ ಸಣ್ಣ ಬಟ್ಟಲುಗಳು.

5. ಮುಖ್ಯ ಹೆಣಿಗೆಗಳು

ಪ್ರತಿಯೊಂದು ಹೆಣಿಗೆಗೂ ಮೊದಲು ದಾರದ ತುದಿಯಿಂದ ಒಂದು ಗೇಣು ಬಿಟ್ಟು ಒಂದು ಮಣಿಯನ್ನು ಎರಡು ಸುತ್ತು ಹಾಯಿಸಿ ನಿಲ್ಲಿಸಬೇಕು. ಇದು ತಡೆಮಣಿ. ಕೆಲಸ ಮುಗಿದ ನಂತರ ಇದನ್ನು ತೆಗೆಯಲಾಗುತ್ತದೆ.

5.1 ಏಣಿ ಹೆಣಿಗೆ: 2 ಮಣಿ ಪೋಣಿಸಿ, ದಾರದ ಬಿಟ್ಟ ತುದಿಯ ಕಡೆಯಿಂದ ಮೊದಲ ಮಣಿಗೆ ಸೂಜಿಯನ್ನು ಮತ್ತೆ ಹಾಯಿಸಿ ಎಳೆದಾಗ ಎರಡೂ ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ಎರಡನೆಯ ಮಣಿಯ ಮೂಲಕ ಹೊರಬಂದು ಮೂರನೆಯದನ್ನು ಪೋಣಿಸಿ, ಎರಡನೆಯ ಮಣಿಗೆ ಹಿಂದಿನ ದಿಕ್ಕಿನಲ್ಲಿಯೇ ಮತ್ತೆ ಹಾಯಿಸಿ, ಮೂರನೆಯ ಮಣಿಯಿಂದ ಹೊರಬರಬೇಕು. ಇದು ಮುಂದಿನ ಕೆಲವು ಹೆಣಿಗೆಗಳಿಗೆ ಬುನಾದಿಯಾಗಿದೆ.

5.2 ಇಟ್ಟಿಗೆ ಹೆಣಿಗೆ: ಏಣಿಯ ಮಣಿಗಳ ನಡುವೆ ಕಾಣುವ ದಾರದ ಸೇತುವೆಯ ಕೆಳಗೆ ಸೂಜಿ ತೂರಿಸಿ, ಹೊಸ ಮಣಿಯ ಮೂಲಕ ಮೇಲೆ ಬರಬೇಕು. ಸಾಲಿನ ಆರಂಭದಲ್ಲಿ 2 ಮಣಿ, ನಂತರ ಒಂದೊಂದು ಮಣಿ. ಪ್ರತಿ ಸಾಲಿನಲ್ಲಿ ಒಂದು ಮಣಿ ತಾನಾಗಿಯೇ ಕಡಿಮೆಯಾಗುವುದರಿಂದ ತ್ರಿಕೋನಾಕಾರದ ಪದಕಗಳಿಗೆ ಸೂಕ್ತ.

5.3 ಪೆಯೋಟ್ ಹೆಣಿಗೆ: ಸಮಸಂಖ್ಯೆಯ ಮಣಿಗಳನ್ನು ಪೋಣಿಸಿ, ಒಂದು ಹೊಸ ಮಣಿ ತೆಗೆದುಕೊಂಡು, ಒಂದು ಮಣಿ ಬಿಟ್ಟು ಮುಂದಿನದಕ್ಕೆ ಹಾಯಿಸಬೇಕು. ಮಣಿಗಳು ಒಂದಕ್ಕೊಂದು ಅರ್ಧ ಮೆಟ್ಟಿಲಿನಂತೆ ಕೂರುತ್ತವೆ. ಅಗಲ ಪಟ್ಟಿಗಳಿಗೆ ಮತ್ತು ಓರೆ ಗೆರೆಗಳ ವಿನ್ಯಾಸಕ್ಕೆ ಉತ್ತಮ.

5.4 ಚದರ ಹೆಣಿಗೆ: ಹೊಸ ಮಣಿ ಪೋಣಿಸಿ, ಅದರ ಕೆಳಗಿನ ಸಾಲಿನ ಮಣಿಗೆ ವಿರುದ್ಧ ದಿಕ್ಕಿನಿಂದ ಹಾಯಿಸಿ, ಮತ್ತೆ ಹೊಸ ಮಣಿಯ ಮೂಲಕ ಬರಬೇಕು. ಮಣಿಗಳು ನೇರ ಸಾಲು ಮತ್ತು ನೇರ ಕಂಬಗಳಲ್ಲಿ ನಿಲ್ಲುವುದರಿಂದ, ಚೌಕಳಿ ಕಾಗದದ ಮೇಲೆ ಬರೆದ ಕಸೂತಿ ವಿನ್ಯಾಸವನ್ನು ಹಾಗೆಯೇ ಇಳಿಸಬಹುದು. ನಿಧಾನವಾದರೂ ಅತ್ಯಂತ ಬಲವಾದ ಹೆಣಿಗೆ.

5.5 ಚೌಕಮನೆ ಹೆಣಿಗೆ: 4 ಮಣಿ ಪೋಣಿಸಿ, ಮೊದಲ ಮಣಿಗೆ ಮತ್ತೆ ಹಾಯ್ದು ಒಂದು ಮನೆ ಮಾಡಬೇಕು. ಎದುರಿನ ಮಣಿಯವರೆಗೆ ಸೂಜಿ ಸಾಗಿಸಿ, 3 ಹೊಸ ಮಣಿ ಪೋಣಿಸಿ, ಅದೇ ಎದುರಿನ ಮಣಿಗೆ ಹಿಂದಿನ ದಿಕ್ಕಿನಲ್ಲಿ ಮತ್ತೆ ಹಾಯಿಸಿದರೆ ಎರಡನೆಯ ಮನೆ ಸಿದ್ಧ. ದಾರವು ಒಂದು ಮನೆಯಲ್ಲಿ ಬಲಕ್ಕೆ, ಮುಂದಿನದರಲ್ಲಿ ಎಡಕ್ಕೆ ಸುತ್ತುತ್ತದೆ. ಬಟ್ಟೆಯಂತೆ ಮೃದುವಾಗಿ ಬೀಳುವುದರಿಂದ ಕೊರಳಿಗೆ ಹಿತವಾಗಿರುತ್ತದೆ. ದಾರದ ಎರಡೂ ತುದಿಗಳಿಗೆ ಸೂಜಿ ಹಾಕಿ, ಒಂದೇ ಮಣಿಯಲ್ಲಿ ಎದುರುಬದುರಾಗಿ ಹಾಯಿಸಿಯೂ ಇದನ್ನು ಮಾಡಬಹುದು.

5.6 ಹೂಸರಪಳಿ: ಎಸಳುಗಳಿಗಾಗಿ 6 ಮಣಿ ಪೋಣಿಸಿ ವೃತ್ತ ಮಾಡಿ, ಮೊದಲ ಮಣಿಯಿಂದ ಹೊರಬಂದು, ಬೇರೆ ಬಣ್ಣದ ಒಂದು ಮಣಿಯನ್ನು ನಡುವೆ ಇಟ್ಟು, ಎದುರಿನ ನಾಲ್ಕನೆಯ ಮಣಿಗೆ ಹಾಯಿಸಬೇಕು. ಮಕ್ಕಳ ಸರಗಳಿಗೆ ಇದು ಬೇಡಿಕೆಯಲ್ಲಿರುವ ಸುಲಭ ಹೆಣಿಗೆ.

5.7 ಬಲೆ ಹೆಣಿಗೆ: ಬುನಾದಿ ಎಳೆಯ ಮೇಲೆ 5 ಮಣಿಗಳ ಕುಣಿಕೆ ಹಾಕಿ, ಬುನಾದಿಯ 3 ಮಣಿ ಬಿಟ್ಟು ನಾಲ್ಕನೆಯದಕ್ಕೆ ಹಾಯಿಸುತ್ತಾ ಸಾಗಬೇಕು. ಮುಂದಿನ ಸಾಲಿನಲ್ಲಿ ಪ್ರತಿ ಕುಣಿಕೆಯ ನಡುವಿನ ಮಣಿಗೆ ಹೊಸ ಕುಣಿಕೆ ಸೇರುತ್ತದೆ. ಕಡಿಮೆ ಮಣಿಗಳಲ್ಲಿ ಅಗಲವಾದ ಕೊರಳಪಟ್ಟಿ ಸಿದ್ಧವಾಗುತ್ತದೆ.

5.8 ಮೀನುಮೂಳೆ ಹೆಣಿಗೆ: ಏಣಿಯ ಒಂದು ಮಣಿಯಿಂದ ಮೇಲೆ ಬಂದು, 2 ಮಣಿ ಪೋಣಿಸಿ, ಪಕ್ಕದ ಮಣಿಯಲ್ಲಿ ಇಳಿದು, ಅದರ ಮುಂದಿನದರಲ್ಲಿ ಏರಬೇಕು. ಜೋಡಿ ಮಣಿಗಳು ಮೀನಿನ ಮೂಳೆಯಂತೆ ಓರೆಯಾಗಿ ನಿಲ್ಲುತ್ತವೆ. ದಕ್ಷಿಣ ಆಫ್ರಿಕಾದ ಎಂಡೆಬೆಲೆ ಸಮುದಾಯದ ಮಹಿಳೆಯರ ಮಣಿ ಕೆಲಸದಿಂದ ಇದು ಜಗತ್ತಿಗೆ ಪರಿಚಿತವಾಗಿದೆ.

6. ಒಂದು ಮಾದರಿ ಸರ: ಸುರುಳಿ ಹಗ್ಗ, 16 ಅಂಗುಲ

ಸಾಮಗ್ರಿ: 11 ನೆಯ ಸಂಖ್ಯೆಯ ಮಣಿಗಳು. ಒಳ ಎಳೆಗೆ ಒಂದು ಬಣ್ಣ, ಹೊರ ಸುತ್ತಿಗೆ ಇನ್ನೊಂದು ಬಣ್ಣ. ಒಳ ಎಳೆಗೆ ಸುಮಾರು 290 ಮಣಿ, ಹೊರ ಸುತ್ತಿಗೆ ಸುಮಾರು 870 ಮಣಿ ಬೇಕಾಗುತ್ತದೆ. ಒಟ್ಟು ತೂಕ 10 ರಿಂದ 11 ಗ್ರಾಂ. ಆರಿಸಿ ತೆಗೆಯುವ ಮಣಿಗಳನ್ನೂ ಲೆಕ್ಕಕ್ಕೆ ಹಿಡಿದು 15 ಗ್ರಾಂ ಇಟ್ಟುಕೊಳ್ಳಬೇಕು. ದಾರ ಒಟ್ಟು ಎರಡು ಮಾರಿಗಿಂತ ಸ್ವಲ್ಪ ಹೆಚ್ಚು ಬೇಕು. ಒಮ್ಮೆಗೆ ಒಂದು ಮಾರಿಗಿಂತ ಉದ್ದ ತೆಗೆದುಕೊಂಡರೆ ಸಿಕ್ಕಾಗುತ್ತದೆ.

ವಿಧಾನ:
(1) ಒಳ ಬಣ್ಣದ 4 ಮತ್ತು ಹೊರ ಬಣ್ಣದ 3 ಮಣಿ ಪೋಣಿಸಿ, ಒಳ ಬಣ್ಣದ 4 ಮಣಿಗಳ ಮೂಲಕ ಕೆಳಗಿನಿಂದ ಮೇಲಕ್ಕೆ ಮತ್ತೆ ಹಾಯಿಸಬೇಕು. ಹೊರ ಮಣಿಗಳು ಒಂದು ಬದಿಗೆ ಬಿಲ್ಲಿನಂತೆ ನಿಲ್ಲುತ್ತವೆ.
(2) ಒಳ ಬಣ್ಣದ 1 ಮತ್ತು ಹೊರ ಬಣ್ಣದ 3 ಮಣಿ ಪೋಣಿಸಬೇಕು.
(3) ಒಳ ಎಳೆಯ ಕೊನೆಯ 3 ಹಳೆಯ ಮಣಿ ಹಾಗೂ ಈಗ ಸೇರಿಸಿದ 1 ಹೊಸ ಮಣಿಯ ಮೂಲಕ ಮೇಲಕ್ಕೆ ಹಾಯಿಸಬೇಕು.
(4) ಹೊಸ ಬಿಲ್ಲನ್ನು ಹಿಂದಿನ ಬಿಲ್ಲಿನ ಪಕ್ಕಕ್ಕೆ, ಪ್ರತಿ ಬಾರಿಯೂ ಒಂದೇ ದಿಕ್ಕಿಗೆ ಸರಿಸಬೇಕು. ದಿಕ್ಕು ತಪ್ಪಿದರೆ ಸುರುಳಿ ಮುರಿಯುತ್ತದೆ.
(5) 16 ಅಂಗುಲ ಆಗುವವರೆಗೆ 2 ರಿಂದ 4 ನೆಯ ಹಂತಗಳನ್ನು ಮುಂದುವರೆಸಬೇಕು.
(6) ಕೊಂಡಿಯ ಉಂಗುರಕ್ಕೆ ಕನಿಷ್ಠ 4 ಬಾರಿ ದಾರ ಹಾಯಿಸಿ, ಹಿಂದಿನ ಮಣಿಗಳೊಳಗೆ ಮರಳಿ, ಎರಡು ಮೂರು ಕಡೆ ಅರ್ಧಗಂಟು ಹಾಕಿ, ಇನ್ನೂ ಒಂದು ಅಂಗುಲ ಮುಂದೆ ಸಾಗಿ ಕತ್ತರಿಸಬೇಕು. ಗಂಟಿನ ಬುಡದಲ್ಲಿಯೇ ಕತ್ತರಿಸಬಾರದು.

ಪರೀಕ್ಷೆ: ಸಿದ್ಧವಾದ ಸರವನ್ನು ಎರಡೂ ಕೈಗಳಿಂದ ಮೆಲ್ಲನೆ ಎಳೆದಾಗ ಮಣಿಗಳ ನಡುವೆ ದಾರ ಕಾಣಬಾರದು; ಬೆರಳಿಗೆ ಸುತ್ತಿದಾಗ ಬಿರುಸಾಗಿ ನಿಲ್ಲಬಾರದು.

7. ಹಳೆಯ ಸರಗಳ ಸಂರಕ್ಷಣೆ

ಅಜ್ಜಿಯ ಕಾಲದ ಲಂಬಾಣಿ ಸರಗಳನ್ನು ಹಾಗೂ ಮಣಿ ಕೆಲಸದ ಉಡುಪುಗಳನ್ನು ಊರೂರು ತಿರುಗುವ ವ್ಯಾಪಾರಿಗಳಿಗೆ ಅಲ್ಪ ಬೆಲೆಗೆ ಮಾರುವುದುಂಟು. ಅವು ಬಿಡಿ ಮಣಿಗಳಾಗಿ ಕತ್ತರಿಸಲ್ಪಟ್ಟರೆ, ಎಷ್ಟು ಮಣಿಗೆ ಯಾವ ಬಣ್ಣ, ಎಲ್ಲಿ ಗಂಟು ಎಂಬ ಲೆಕ್ಕವೂ ಅವುಗಳೊಂದಿಗೆ ಹೋಗುತ್ತದೆ. ಆ ಲೆಕ್ಕವು ಯಾವ ಪುಸ್ತಕದಲ್ಲಿಯೂ ಬರೆದಿರುವುದಿಲ್ಲ. ಆದುದರಿಂದ ದುರಸ್ತಿಗೆ ದಾರ ಕತ್ತರಿಸುವ ಮುನ್ನ ಎರಡೂ ಬದಿಯ ಛಾಯಾಚಿತ್ರ ತೆಗೆದು, ಮಣಿಗಳ ಸಂಖ್ಯೆಯನ್ನು ಬಣ್ಣವಾರು ಬರೆದುಕೊಂಡು, ಹಳೆಯ ದಾರದ ಒಂದು ತುಂಡನ್ನು ಜೊತೆಗೆ ಇಡಬೇಕು. ತಾಂಡಾದ ಹಿರಿಯ ಮಹಿಳೆಯರನ್ನು ಕೂರಿಸಿಕೊಂಡು ಕಿರಿಯರು ಈ ಕೆಲಸ ಮಾಡುವುದು ಉತ್ತಮ.

8. ಬೆಲೆ ನಿಗದಿ

ಹೆಚ್ಚಿನ ಮಹಿಳೆಯರು ಸಾಮಗ್ರಿಯ ಬೆಲೆಯನ್ನು ಮಾತ್ರ ಲೆಕ್ಕ ಹಾಕಿ, ತಮ್ಮ ಸಮಯವನ್ನು ಬಿಟ್ಟುಬಿಡುತ್ತಾರೆ. ಬೆಲೆಯಲ್ಲಿ ಈ ನಾಲ್ಕು ಅಂಶಗಳು ಸೇರಿರಬೇಕು: ಸಾಮಗ್ರಿ, ಕೆಲಸದ ಗಂಟೆಗಳಿಗೆ ಕೂಲಿ, ಸೂಜಿ, ದೀಪ, ಪ್ರಯಾಣ ಮುಂತಾದ ಇತರೆ ವೆಚ್ಚ, ಲಾಭ.

ಲೆಕ್ಕದ ಕ್ರಮ ತಿಳಿಯಲು ಮಾತ್ರ ಒಂದು ಉದಾಹರಣೆ: ಸಾಮಗ್ರಿ 60 ರೂ.; 6 ಗಂಟೆಗೆ ತಲಾ 50 ರೂ.ನಂತೆ ಕೂಲಿ 300 ರೂ.; ಇತರೆ ವೆಚ್ಚ 40 ರೂ.; ಒಟ್ಟು 400 ರೂ. ಇದಕ್ಕೆ ಶೇಕಡ 15 ರಷ್ಟು ಲಾಭ ಸೇರಿಸಿದರೆ 460 ರೂ. ಈ ಸರವನ್ನು 150 ರೂ.ಗೆ ಮಾರಿದಲ್ಲಿ ಸಾಮಗ್ರಿ ಮತ್ತು ಇತರೆ ವೆಚ್ಚ ಕಳೆದು ಉಳಿಯುವುದು 50 ರೂ., ಅಂದರೆ 6 ಗಂಟೆಯ ಕೆಲಸಕ್ಕೆ ಒಂದು ಗಂಟೆಯ ಕೂಲಿ ಮಾತ್ರ. ಪ್ರತಿ ಹೆಣಿಗೆಯ ಒಂದು ಅಂಗುಲಕ್ಕೆ ಎಷ್ಟು ಸಮಯ ಹಿಡಿಯುತ್ತದೆ ಎಂದು ಗಡಿಯಾರ ನೋಡಿ ಬರೆದಿಟ್ಟುಕೊಂಡರೆ, ಮಧ್ಯವರ್ತಿಗಳೊಂದಿಗೆ ಮಾತನಾಡುವಾಗ ಕೈಯಲ್ಲಿ ಆಧಾರವಿರುತ್ತದೆ.

9. ಮಾರುಕಟ್ಟೆ ಮತ್ತು ಹೆಸರಿನ ಬಳಕೆ

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ, ಹುಲಿಗಿಯ ಹುಲಿಗೆಮ್ಮ ದೇವಿ ಜಾತ್ರೆ ಹಾಗೂ ಗಂಗಾವತಿ ತಾಲ್ಲೂಕಿನ ಆನೆಗೊಂದಿ ಮತ್ತು ಅಂಜನಾದ್ರಿಗೆ ಬರುವ ಪ್ರವಾಸಿಗರು ಸ್ಥಳೀಯ ಮಾರುಕಟ್ಟೆಯಾಗಿದ್ದಾರೆ. ಆನೆಗೊಂದಿಯಲ್ಲಿ ಬಾಳೆನಾರಿನ ಕರಕುಶಲ ವಸ್ತುಗಳನ್ನು ಮಹಿಳೆಯರು ತಯಾರಿಸಿ ಪ್ರವಾಸಿಗರಿಗೆ ಮಾರುತ್ತಿರುವುದು ಗಮನಾರ್ಹ. 2023 ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಯ ಸಂದರ್ಭದಲ್ಲಿ ಸಂಡೂರು ಕುಶಲ ಕಲಾ ಕೇಂದ್ರದ ಮಹಿಳೆಯರು ಕಸೂತಿ ಮಾಡಿದ 1755 ಲಂಬಾಣಿ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು.

ಬಳ್ಳಾರಿ ಜಿಲ್ಲೆಯ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಆ ಹೆಸರನ್ನು ನೋಂದಾಯಿತ ಬಳಕೆದಾರರು ಮಾತ್ರ ಬಳಸಬಹುದು. ಕೊಪ್ಪಳ ಜಿಲ್ಲೆಯಲ್ಲಿ ತಯಾರಾದ ಮಣಿಸರಗಳಿಗೆ ತಮ್ಮ ಊರು ಅಥವಾ ತಾಂಡಾದ ಹೆಸರನ್ನೇ ನಮೂದಿಸುವುದು ಕಾನೂನಿನ ದೃಷ್ಟಿಯಿಂದ ಸುರಕ್ಷಿತ. ಮುಂದೆ ಆ ಊರಿಗೇ ಹೆಸರು ಬರಲು ಸಹಾಯಕ.

10. ಮಹತ್ವದ ಸೂಚನೆ: ಮುತ್ತು ಕಟ್ಟುವುದು ಅಪರಾಧ

ಈ ಭಾಗದಲ್ಲಿ ಮಣಿಸರಕ್ಕೆ ನೋವಿನ ಇತಿಹಾಸವೂ ಇದೆ. ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವಾಗ ಕೊರಳಿಗೆ ಕೆಂಪು ಮತ್ತು ಬಿಳಿ ಮಣಿಗಳ ಸರವನ್ನು ಕಟ್ಟಲಾಗುತ್ತಿತ್ತು. ಇದನ್ನು ಮುತ್ತು ಕಟ್ಟುವುದು ಎನ್ನುತ್ತಾರೆ. ಕರ್ನಾಟಕ ದೇವದಾಸಿಯರ (ಸಮರ್ಪಣೆ ನಿಷೇಧ) ಅಧಿನಿಯಮ, 1982 ಈ ಸಮರ್ಪಣೆಯನ್ನು, ಮಹಿಳೆಯು ಒಪ್ಪಿದ್ದರೂ ಒಪ್ಪದಿದ್ದರೂ, ಕಾನೂನುಬಾಹಿರವೆಂದು ಘೋಷಿಸಿತು. ತಂದೆ ತಾಯಿ ಅಥವಾ ಪೋಷಕರೇ ಭಾಗಿಯಾದಲ್ಲಿ ಹೆಚ್ಚಿನ ಶಿಕ್ಷೆಯನ್ನು ವಿಧಿಸಿತು. 2025 ರಲ್ಲಿ ರಾಜ್ಯ ವಿಧಾನಮಂಡಲವು ತಡೆ, ನಿಷೇಧ, ಪರಿಹಾರ ಮತ್ತು ಪುನರ್ವಸತಿಯನ್ನು ಒಳಗೊಂಡ ಹೊಸ ಮಸೂದೆಯನ್ನು ಅಂಗೀಕರಿಸಿತು.

ಕೆಂಪು, ಬಿಳಿ ಮಣಿಗಳನ್ನು ಹೆಣೆಯುವುದಕ್ಕೆ ಅಥವಾ ಧರಿಸುವುದಕ್ಕೆ ಯಾವುದೇ ನಿಷೇಧವಿರುವುದಿಲ್ಲ. ನಿಷೇಧವಿರುವುದು ಆ ಸರದ ಮೂಲಕ ಒಬ್ಬ ಹೆಣ್ಣುಮಗಳ ಬದುಕನ್ನು ಕಟ್ಟಿಹಾಕುವುದಕ್ಕೆ. ಇಂತಹ ಪ್ರಕರಣ ತಿಳಿದುಬಂದಲ್ಲಿ ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181 ಅಥವಾ ತುರ್ತು ಸಂಖ್ಯೆ 112 ಕ್ಕೆ ಕರೆ ಮಾಡಬೇಕು.

11. ಆರೋಗ್ಯ ಮತ್ತು ಸುರಕ್ಷತೆ

ಹಗಲು ಬೆಳಕಿನಲ್ಲಿ ಕೆಲಸ ಮಾಡುವುದು ಉತ್ತಮ. ಪ್ರತಿ 20 ರಿಂದ 30 ನಿಮಿಷಗಳಿಗೊಮ್ಮೆ ದೂರದ ವಸ್ತುವನ್ನು ನೋಡಿ ಕಣ್ಣಿಗೆ ವಿಶ್ರಾಂತಿ ನೀಡಬೇಕು. ನಲವತ್ತು ದಾಟಿದವರಿಗೆ ಹತ್ತಿರದ ದೃಷ್ಟಿ ಮಂದವಾಗುವುದು ಸಹಜ. ಕನ್ನಡಕ ಬಳಸುವುದರಿಂದ ಕೆಲಸವೂ ಚೊಕ್ಕವಾಗುತ್ತದೆ. ದಾರವನ್ನು ಹಲ್ಲಿನಿಂದ ಕಡಿಯಬಾರದು. ಚಿಕ್ಕ ಮಕ್ಕಳು ಮಣಿಯನ್ನು ನುಂಗುವ ಅಥವಾ ಮೂಗಿಗೆ ತುರುಕಿಕೊಳ್ಳುವ ಅಪಾಯವಿರುವುದರಿಂದ ಕೆಲಸದ ಜಾಗವನ್ನು ಪ್ರತಿದಿನ ಗುಡಿಸಿ, ಮಣಿಗಳನ್ನು ಮುಚ್ಚಳವಿರುವ ಡಬ್ಬಿಗಳಲ್ಲಿ ಇಡಬೇಕು. ಶಾಲೆ ಬಿಡಿಸಿ ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಬಾರದು.

12. ಲಭ್ಯವಿರುವ ಸೌಲಭ್ಯಗಳು

ಅ) ಕೇಂದ್ರ ಜವಳಿ ಮಂತ್ರಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯು ಕುಶಲಕರ್ಮಿಗಳಿಗೆ ಪೆಹಚಾನ್ ಗುರುತಿನ ಚೀಟಿ ನೀಡುತ್ತದೆ. ಕರಕುಶಲ ಮೇಳಗಳಲ್ಲಿ ಭಾಗವಹಿಸಲು ಇದು ಉಪಯುಕ್ತ.
ಆ) 1964 ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮವು ಕಾವೇರಿ ಮಳಿಗೆಗಳ ಮೂಲಕ ಕರಕುಶಲ ವಸ್ತುಗಳನ್ನು ಮಾರಾಟ ಮಾಡುತ್ತದೆ.
ಇ) ಸಂಜೀವಿನಿ ಯೋಜನೆಯಡಿ ಗ್ರಾಮೀಣ ಸ್ವಸಹಾಯ ಗುಂಪುಗಳ ಮಹಿಳೆಯರು ಒಟ್ಟಾಗಿ ಕಚ್ಚಾ ಸಾಮಗ್ರಿ ಖರೀದಿಸಿ ವೆಚ್ಚ ತಗ್ಗಿಸಿಕೊಳ್ಳಬಹುದು.
ಈ) 2023 ರ ಸೆಪ್ಟೆಂಬರ್ 17 ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಅಕ್ಕಸಾಲಿಗರು, ಬೊಂಬೆ ತಯಾರಕರು ಮತ್ತು ಮಾಲೆ ಕಟ್ಟುವವರು ಇದ್ದಾರೆ, ಮಣಿ ಹೆಣಿಗೆಯು ಪ್ರತ್ಯೇಕ ಕಸುಬಾಗಿ ನಮೂದಾಗಿರುವುದಿಲ್ಲ. ಅರ್ಜಿ ಸಲ್ಲಿಸುವ ಮುನ್ನ ಅರ್ಹತೆಯನ್ನು ವಿಚಾರಿಸಿ ಖಚಿತಪಡಿಸಿಕೊಳ್ಳತಕ್ಕದ್ದು.

ಆಸಕ್ತ ಮಹಿಳೆಯರು ಹೆಚ್ಚಿನ ವಿವರಗಳಿಗಾಗಿ ಕೊಪ್ಪಳದ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಅಥವಾ ತಮ್ಮ ತಾಲ್ಲೂಕು ಪಂಚಾಯತಿ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಬರುವಾಗ ತಾವು ಹೆಣೆದ ಒಂದು ಸರವನ್ನು ಹಾಗೂ ಅದಕ್ಕೆ ಹಿಡಿದ ಸಾಮಗ್ರಿ ಮತ್ತು ಗಂಟೆಗಳ ಲೆಕ್ಕವನ್ನು ಜೊತೆಗೆ ತರುವುದು ಒಳ್ಳೆಯದು.